ಹೊಸ ಬ್ಯಾಟಿಗೆ ಹಚ್ಚಿದ ಕುಂಕುಮ

ದೋಸ್ತರೇ, ಇವತ್ತು ಬೆಳಿಗ್ಗೆ ನನ್ನ ಹೊಸ ಬ್ಯಾಟೇ ನನ್ನ ಮಾನ ಕಳೆಯಿತು.

ಎಂಬತ್ತರ ದಶಕದಲ್ಲಿ ಬೆಟಗೇರಿಯಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದ ನಾವೆಲ್ಲ ಈಗ ಮುದುಕರಾಗಿ, ಪ್ಲಾಸ್ಟಿಕ್ ಚೆಂಡಿನ ಹೊಸ ಆಟ ಪಿಕಲ್‌ಬಾಲ್‌ಗೆ ಇಳಿದಿದ್ದೇವೆ. ಆಗ ಬ್ಯಾಟಿನ ತಂತಿ ಮೀಟಿ, ನಾದ ಕೇಳಿ ಆರಿಸುತ್ತಿದ್ದೆವು. ಪಿಕಲ್‌ಬಾಲ್ ಬ್ಯಾಟಿಗೆ ತಂತಿಯೇ ಇಲ್ಲ, ಬರೀ ಹಲಗೆ. ಆದರೂ ನಿನ್ನೆ ಗದಗಿನ ಅಂಗಡಿಯಲ್ಲಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಗಡಿಗೆ ಬಡಿದು ನೋಡುವಂತೆ ಬಡಿದು ನೋಡಿದೆ. ಅಂಗಡಿಯವನು, "ಕಾಕಾರ, ಇದು ಆಡಾಕೋ, ಬಾರಿಸಾಕೋ?" ಎಂದ.

ಮನೆಗೆ ಹೊಸದೇನು ಬಂದರೂ ನನ್ನ ಹೆಂಡತಿ ಕುಂಕುಮ ಹಚ್ಚದೆ ಬಿಡುವುದಿಲ್ಲ. ಬ್ಯಾಟಿನ ನಟ್ಟನಡುವೆ ಎಣ್ಣೆಯಲ್ಲಿ ಕಲಸಿದ ದಪ್ಪ ಬೊಟ್ಟು ಇಟ್ಟು, "ಅಳಿಸಬ್ಯಾಡ್ರಿ ಮತ್ತ" ಎಂದು ತಾಕೀತು ಮಾಡಿ ಕಳಿಸಿದಳು.

ಆಟ ಕೊನೆಯ ಪಾಯಿಂಟಿಗೆ ಬಂದಿತ್ತು. ಸೋತವರು ಎಲ್ಲರಿಗೂ ಗಿರ್ಮಿಟ್, ಮಿರ್ಚಿ ತಿನ್ನಿಸಬೇಕು. ನಾನು ಬೀಸಿ ಹೊಡೆದೆ.

"ಹೊರಗ ಬಿತ್ತು" ಎಂದ, ಎದುರಿಗೆ ಆಡುತ್ತಿದ್ದ ಹಳೆಯ ಗೆಳೆಯ ಮೌಲಾಸಾಬ.

"ಗೆರಿ ಮ್ಯಾಲ ಬಿತ್ತಲೇ, ದೇವರಾಣಿ!" ಎಂದು ಕೂಗಿದೆ.

ಅವನು ಬಗ್ಗಿ ನೋಡಿ ನಕ್ಕ. ಬಿಳಿ ಗೆರೆಯಿಂದಾಚೆ, ನಾಲ್ಕು ಬೆರಳು ದೂರದಲ್ಲಿ, ಚೆಂಡು ಬಿದ್ದ ಜಾಗದಲ್ಲಿ ಕೆಂಪು ಕಲೆ.

"ಆಣಿ ಯಾಕ ಮಾಡ್ತೀ ದೋಸ್ತ? ದೇವರ ಖುದ್ದ ಸಹಿ ಮಾಡ್ಯಾನ ನೋಡ."

ಎಲ್ಲರಿಗೂ ಗಿರ್ಮಿಟ್ ತಿನ್ನಿಸಿ ಬಂದೆ. ನಾಳೆ ಬ್ಯಾಟಿಗೆ ವಿಭೂತಿ ಹಚ್ಚು ಎಂದು ಹೆಂಡತಿಗೆ ಹೇಳಿದ್ದೇನೆ. ಗೆರೆಯೂ ಬಿಳಿ, ಕಲೆಯೂ ಬಿಳಿ. ಯಾವುದು ಯಾವುದೆಂದು ಮೌಲಾಸಾಬನೇ ಹೇಳಲಿ.