ಇಳಕಲ್ ಸೀರೆಯುಟ್ಟು ಬರೆದ ಪರೀಕ್ಷೆ

ಮದುವೆಯಾದಾಗ ನನ್ನ ಸಿಎ ಓದು ಇನ್ನೂ ಮುಗಿದಿರಲಿಲ್ಲ. ರಾಜಾಜಿನಗರದ ಒಬ್ಬ ಆಡಿಟರ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ನಡೆಯುತ್ತಿತ್ತು. ಹಗಲೆಲ್ಲ ಅಲ್ಲಿ ದುಡಿಯುತ್ತಾ ಕೆಲಸ ಕಲಿಯಬೇಕು, ಉಳಿದ ಹೊತ್ತಿನಲ್ಲಿ ಫೈನಲ್ ಪರೀಕ್ಷೆಗೆ ಓದಬೇಕು. ಬಾಪೂಜಿನಗರದ ತವರಿನಲ್ಲಿ ಅಮ್ಮ ಕಾಫಿ ತಂದು ಪುಸ್ತಕದ ಪಕ್ಕ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದಳು. ವಿಜಯನಗರದ ಗಂಡನ ಮನೆಯಲ್ಲಿ ಅದನ್ನೆಲ್ಲ ಬಯಸುವ ಧೈರ್ಯ ನನಗಿರಲಿಲ್ಲ.

ಅತ್ತೆ ಹಾವೇರಿ ಕಡೆಯವರು. ಮಾವ ತೀರಿಕೊಂಡ ಮೇಲೆ ಮಗನ ಜೊತೆಗಿರಲು ಬಂದವರು. ಬೆಂಗಳೂರಿಗೆ ಬಂದು ಬಹಳ ಕಾಲವಾಗಿದ್ದರೂ ಅವರ ಮಾತು ಊರಿನದೇ, ದನಿಯೂ ದೊಡ್ಡದು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಅವರು ರೊಟ್ಟಿ ಬಡಿಯತೊಡಗಿದರೆ ಕೆಳಗಿನ ಮನೆಯವರಿಗೂ ಬೆಳಗಾಗುತ್ತಿತ್ತು. ಹೊಸತರಲ್ಲಿ ನಾನು ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚಿಕೊಡುತ್ತಿದ್ದೆ. ಒಂದು ದಿನ ಬದನೆಕಾಯಿ ಹೆಚ್ಚುತ್ತಾ ಏನೋ ಗೊಣಗುತ್ತಿದ್ದದ್ದು ಅವರ ಕಿವಿಗೆ ಬಿತ್ತು.

"ಏನವ್ವಾ, ಮಂತ್ರ ಹೇಳಾಕತ್ತಿಯೇನು?"

"ಇಲ್ಲ ಅತ್ತೆ, ಕಂಪನಿ ಕಾನೂನು. ಮರೆತು ಹೋಗುತ್ತೆ ಅಂತ..."

"ಕೈಯಾಗ ಬದನೀಕಾಯಿ, ಬಾಯಾಗ ಕಾನೂನು. ಎರಡೂ ಕೆಡ್ತಾವು. ಹೋಗು, ಕುಂತು ಓದು. ಪರೀಕ್ಷೆ ಮುಗಿಯೂತನಕ ಮುಂಜಾನೆ ಅಡಗಿಮನಿ ಕಡೆ ಬರಬ್ಯಾಡ."

ಅವರು ಚಾಕು ಕಿತ್ತುಕೊಂಡ ರೀತಿಗೆ ನನಗೆ ಅಳುವೇ ಬಂತು. ರೂಮಿಗೆ ಹೋಗಿ ಗಂಡನಿಗೆ ಹೇಳಿದರೆ ಅವರು ನಕ್ಕುಬಿಟ್ಟರು. "ಅದು ಸಿಟ್ಟಲ್ಲ ಕಣೇ. ಅಮ್ಮ ಸಿಟ್ಟಾದ್ರೆ ಮಾತೇ ಆಡಲ್ಲ. ಸುಮ್ನೆ ಓದ್ಕೋ."

ಹಾಗಾಗಿ ಬೆಳಗಿನ ಹೊತ್ತು ನನ್ನದಾಯಿತು. ರೊಟ್ಟಿಯ ಸದ್ದಿಗೆ ಎದ್ದು ಓದಲು ಕೂರುತ್ತಿದ್ದೆ. ಆ ಸದ್ದು ನಿಂತಿತೆಂದರೆ ಡಬ್ಬಿ ತಯಾರಾಗಿದೆ, ಮೆಟ್ರೋ ಹಿಡಿಯಬೇಕು ಎಂದರ್ಥ. ಕೆಲಸ, ಓದು ಎರಡೂ ಒಂದು ಹದಕ್ಕೆ ಬಂದವು ಎನ್ನುವಾಗ ಗೃಹಪ್ರವೇಶದ ಕರೆ ಬಂತು.

ಅತ್ತೆಯ ತಮ್ಮ ಉಲ್ಲಾಳದಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶ ಭಾನುವಾರ. ಅದೇ ಬೆಳಗ್ಗೆ ಬಸವೇಶ್ವರನಗರದ ಕೋಚಿಂಗ್ ಸೆಂಟರಿನಲ್ಲಿ ನನಗೆ ಮಾದರಿ ಪರೀಕ್ಷೆ. ವಾರವಿಡೀ ಕಚೇರಿಯಲ್ಲಿರುವವಳಿಗೆ ಇನ್ನೊಂದು ದಿನ ಸಿಗುವಂತಿರಲಿಲ್ಲ. ಗಂಡ ಈ ವಿಷಯ ತಿಳಿಸಿದಾಗ ಅತ್ತೆ ಉತ್ತರಿಸಲಿಲ್ಲ. ಮರುದಿನವೂ ಮಾತಿಲ್ಲ. ಸಿಟ್ಟಾದರೆ ಅಮ್ಮ ಮಾತೇ ಆಡುವುದಿಲ್ಲವೆಂದು ಗಂಡ ಹೇಳಿದ್ದು ನೆನಪಾಯಿತು. ಪರೀಕ್ಷೆ ಬಿಟ್ಟುಬಿಡುತ್ತೇನೆಂದು ಹೇಳಲು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ಎಷ್ಟೊತ್ತಿಗೆ ಮುಗೀತೈತಿ ನಿನ್ನ ಪರೀಕ್ಷೆ?"

"ಮಧ್ಯಾಹ್ನ ಆಗುತ್ತೆ ಅತ್ತೆ."

"ಮುಗಿಸಿ ಸೀದಾ ಬಾ. ಪೂಜಾ ತಪ್ಪಿದ್ರೂ ಊಟಕ್ಕ ಸಿಗ್ತಿ. ಆದ್ರ ನನ್ನ ಇಳಕಲ್ ಸೀರಿ ಉಟ್ಕೊಂಡು ಬರಬೇಕು. ಹೊಸಾ ಸೊಸಿ ಅಂತ ಕಾಣಬೇಕು."

ಹೀಗೆ ನಾನು ಕೆಂಪು ಸೆರಗಿನ ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ಕೈತುಂಬ ಹಸಿರು ಬಳೆ ತೊಟ್ಟು ಪರೀಕ್ಷೆಗೆ ಹೋದೆ. ಜೀನ್ಸು, ಟೀಶರ್ಟಿನ ಹುಡುಗ ಹುಡುಗಿಯರ ನಡುವೆ ಕೂತಾಗ ಹಿಂದಿನ ಬೆಂಚಿನವನು, "ಮೇಡಂ, ಇವತ್ತೇ ಮದುವೆನಾ? ಊಟ ಎಲ್ಲಿ?" ಎಂದ. ಇಡೀ ತರಗತಿ ನಕ್ಕಿತು. ಬರೆಯುವಾಗ ಬಳೆಗಳು ಬೆಂಚಿಗೆ ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಪಕ್ಕದವಳು ಕಣ್ಣು ಕೆಂಪಗೆ ಮಾಡಿದ್ದರಿಂದ ಬಲಗೈ ಬಳೆಗಳನ್ನೆಲ್ಲ ತೆಗೆದು ಬ್ಯಾಗಿಗೆ ಹಾಕಿದೆ. ಉತ್ತರಗಳು ಮಾತ್ರ ಚೆನ್ನಾಗಿಯೇ ಬಂದವು.

ಬಸ್ಸಿಳಿದು ಉಲ್ಲಾಳದ ಹೊಸಮನೆ ತಲುಪುವಷ್ಟರಲ್ಲಿ ಅರ್ಧ ಜನ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದರು. ಬಾಗಿಲಲ್ಲೇ ಕೂತಿದ್ದ ಹಿರಿಯ ಹೆಂಗಸೊಬ್ಬರು, "ಸೊಸಿ ಈಗ ಬಂದ್ಲೇನು? ಪೂಜಾ ಮುಗಿದ ಮ್ಯಾಲೆ?" ಎಂದು ಎಲ್ಲರಿಗೂ ಕೇಳುವಂತೆ ಅಂದರು. ನಾನು ಹೊಸ್ತಿಲಾಚೆಯೇ ನಿಂತೆ.

ಒಳಗಿನಿಂದ ಅತ್ತೆಯ ದನಿ ಬಂತು. "ಹೂಂ, ಈಗ ಬಂದ್ಲು. ಪರೀಕ್ಷೆ ಬರದು ಬಂದಾಳ. ಮೊದಲ ಉಣ್ಣಾಕ ಬಿಡ್ರಿ, ಆಮ್ಯಾಲ ಕೇಳೂದು ಕೇಳ್ರಿ."

ಕೊನೆಯ ಪಂಕ್ತಿಯಲ್ಲಿ ನನ್ನನ್ನು ಕೂರಿಸಿ ಅವರೂ ಪಕ್ಕದಲ್ಲಿ ಕೂತರು. ಅವರಿನ್ನೂ ಉಂಡಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಹೋಳಿಗೆಗೆ ತುಪ್ಪ ಹಾಕಿಸುತ್ತಾ, "ಹೆಂಗ ಬರದಿ?" ಎಂದರು. "ಚೆನ್ನಾಗಿ" ಎಂದೆ. "ಹಂಗಾರ ಇನ್ನೊಂದು ಹಾಕಿಸ್ಕೋ."

ಕೈತೊಳೆದು ಬರುವಷ್ಟರಲ್ಲಿ ಅತ್ತೆಯ ತಮ್ಮ ಕುರ್ಚಿ ಎಳೆದುಕೊಂಡು ಬಂದರು. "ನೀ ಆಡಿಟರ್ ಆಗಾಕತ್ತಿಯಂತ. ಊರಾಗಿನ ಜಾಗಾ ಮಾರಿ ಈ ಮನಿ ಕಟ್ಟಿಸೀನಿ. ಟ್ಯಾಕ್ಸ್ ಬೀಳತೈತೇನವ್ವಾ?" ಕಚೇರಿಯಲ್ಲಿ ಹಿಂದಿನ ವಾರವಷ್ಟೇ ಅಂಥದ್ದೇ ಫೈಲ್ ನೋಡಿದ್ದೆ. ಸಮಾಧಾನದಿಂದ ವಿವರಿಸಿದೆ. ಅವರ ಹಿಂದೆ ಕಿರಾಣಿ ಅಂಗಡಿಯ ಒಬ್ಬರು ಜಿಎಸ್‌ಟಿ ಪ್ರಶ್ನೆ ಹಿಡಿದು ನಿಂತರು. ಆಮೇಲೆ ಬಾಗಿಲಲ್ಲಿ ಕೂತಿದ್ದ ಅಜ್ಜಿಯೇ ತಮ್ಮ ಪಿಂಚಣಿಯ ವಿಷಯ ತೆಗೆದರು. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದೆ, ಗೊತ್ತಿಲ್ಲದ್ದಕ್ಕೆ ನಮ್ಮ ಸಾರ್ ಅವರನ್ನು ಕೇಳಿ ಹೇಳುತ್ತೇನೆಂದೆ. ಅತ್ತೆ ಪಕ್ಕದಲ್ಲಿ ನಿಂತು, "ಒಬ್ಬೊಬ್ಬರ ಕೇಳ್ರಿ, ಆಕಿಗೆ ದಣಿವಾಗೇತಿ" ಎನ್ನುತ್ತಿದ್ದರು. ಅವರ ಮುಖದ ಮೇಲಿನ ಗತ್ತನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ.

ನಿಜವಾದ ಪರೀಕ್ಷೆಯಲ್ಲಿ ಮೊದಲ ಸಲ ಎರಡು ಗ್ರೂಪ್‌ಗಳಲ್ಲಿ ಒಂದು ಮಾತ್ರ ಪಾಸಾಯಿತು. ಅಳುತ್ತಾ ಮನೆಗೆ ಬಂದರೆ ಅತ್ತೆ, "ಅರ್ಧಾ ಆತಲ್ಲ, ಉಳಿದದ್ದು ಬರಿ" ಎಂದಷ್ಟೇ ಹೇಳಿ ಚಹಾ ಕೊಟ್ಟರು. ಮುಂದಿನ ಸಲ ಉಳಿದದ್ದೂ ಪಾಸಾಯಿತು.

ಆ ಸಂಜೆ ಮೂವರೂ ವಿಜಯನಗರದ ದರ್ಶಿನಿಯೊಂದಕ್ಕೆ ಹೋದೆವು. ಕೂರಲು ಜಾಗವಿಲ್ಲದೆ ನಿಂತೇ ಮಸಾಲೆ ದೋಸೆ ತಿಂದೆವು. ಬೆಂಗಳೂರಿನವರು ಸಾಂಬಾರಿಗೆ ಬೆಲ್ಲ ಯಾಕೆ ಹಾಕುತ್ತಾರೆಂದು ಅತ್ತೆ ದೊಡ್ಡ ದನಿಯಲ್ಲಿ ಬೈಯುತ್ತಲೇ ಇದ್ದರು. ಅಷ್ಟಾದರೂ ಎರಡನೇ ಸಲ ಬಟ್ಟಲು ತುಂಬಿಸಿಕೊಂಡು ಬರಲು ಮಗನನ್ನು ಕಳಿಸಿದರು.