ಗುತ್ತೂರಿನ ವೇಬ್ರಿಡ್ಜಿನಲ್ಲಿ ಮಲಗಿದ ಮಾನಿಟರ್

ಮಂಡಿಗೆ ತಂದು ನಿಲ್ಲಿಸಿ ಬೆಲೆ ಕಟ್ಟಿರೆಂದರೆ ಉಚ್ಚೆಂಗಪ್ಪನವರ ಮೇಲೆ ಸವಾಲು ಹೆಚ್ಚು ಏರುವುದಿಲ್ಲ. ವಯಸ್ಸು ಐವತ್ತೆಂಟು, ತೂಕ ಐವತ್ತೆರಡು. ಎರಡೂ ಜೊತೆಯಲ್ಲೇ ಹೊರಟಿದ್ದವು, ತೂಕ ನಡುದಾರಿಯಲ್ಲಿ ಇಳಿದುಕೊಂಡಿದೆ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಸ್ಕ್ರೂಡ್ರೈವರ್. ಅದರ ಮೊನೆ ತೂತು ಮಾಡಿ ಮಾಡಿ ಅವರ ಎಲ್ಲ ಅಂಗಿಗಳಿಗೂ ಒಂದೇ ಜಾಗದಲ್ಲಿ ಹೊಲಿಗೆ ಬಿದ್ದಿದೆ. ಚಪ್ಪಲಿಯಲ್ಲಿ ಸವೆದಿರುವುದು ಬಲಗಾಲಿನದು ಮಾತ್ರ, ಏಕೆಂದರೆ ಅವರ ಸ್ಕೂಟರ್ ಹದಿನೈದು ಒದೆತಕ್ಕಿಂತ ಕಡಿಮೆಗೆ ಎದ್ದ ದಾಖಲೆ ಇಲ್ಲ. ಮಾಲು ಹಳೆಯದು, ಕಾಳು ಗಟ್ಟಿ, ಮೇಲುನೋಟಕ್ಕೆ ಹೊಳಪಿಲ್ಲ. ಯಾವ ವ್ಯಾಪಾರಿಯಾದರೂ ಇಷ್ಟು ನೋಡಿ ಮುಂದಿನ ರಾಶಿಗೆ ಕೈ ಹಾಕುತ್ತಾನೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಒಂದು ಕ್ಲಿನಿಕ್ಕಿನ ಮೆಟ್ಟಿಲ ಕೆಳಗೆ ಅವರ ಅಂಗಡಿ. ರಿಪೇರಿ ಮಾಡುವುದು ಹಳೆಯ ಕಂಪ್ಯೂಟರುಗಳನ್ನು ಮಾತ್ರ. ಹೊಸದನ್ನು ಯಾರಾದರೂ ತಂದರೆ, ಮಗುವಿನ ಡಾಕ್ಟರ ಹತ್ತಿರ ಮುದುಕನನ್ನು ಕರೆತಂದವರನ್ನು ನೋಡುವಂತೆ ನೋಡಿ, ಪಕ್ಕದ ಬೀದಿಗೆ ಕಳಿಸುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಅವರೇ ಬಿಡಿಭಾಗ ತಂದು ಜೋಡಿಸಿಕೊಟ್ಟ ಮಿಷನ್‌ಗಳು ಊರ ತುಂಬ ಇದ್ದವು. ಈಗ ಉಸಿರಾಡುತ್ತಿರುವುದು ಒಂದೇ ಒಂದು. ಅದು ಹರಿಹರದ ಪಕ್ಕ ಗುತ್ತೂರಿನಲ್ಲಿ, ಮುರುಗೇಶಪ್ಪನವರ ಲಾರಿ ತೂಗುವ ವೇಬ್ರಿಡ್ಜಿನ ಕೋಣೆಯಲ್ಲಿದೆ. ತೂಕದ ಹಳೆಯ ಸಾಫ್ಟ್‌ವೇರ್ ಆ ಮಿಷನ್ ಬಿಟ್ಟು ಬೇರೆಲ್ಲೂ ಓಡಲು ಒಪ್ಪುವುದಿಲ್ಲ.

ಉಚ್ಚೆಂಗಪ್ಪನವರ ಹೆಂಡತಿ ನಿರ್ಮಲಮ್ಮನದು ಒಂದೇ ಷರತ್ತು. ಗುತ್ತೂರಿನ ಮಿಷನ್ ಕಣ್ಣು ಮುಚ್ಚಿದ ಮಾರನೆಯ ದಿನದಿಂದ ಇವರು ಎಂ.ಸಿ.ಸಿ. ಬಡಾವಣೆಯಲ್ಲಿರುವ ಆಕೆಯ ತಮ್ಮನ ಮೊಬೈಲ್ ಕವರಿನ ಅಂಗಡಿಯಲ್ಲಿ ಕೂಡಬೇಕು. ಇವರು ಒಪ್ಪಿಯೂ ಇದ್ದರು. ಒಮ್ಮೆ ಒಂದು ದಿನ ಕೂತು ನೋಡಿದ್ದರು ಕೂಡ. ಕಾಲೇಜು ಹುಡುಗಿಯೊಬ್ಬಳು ಮೊಲದ ಕಿವಿ ಇರುವ ಕವರ್ ಕೇಳಿದಳು. ಇವರು ಕನ್ನಡಕ ಏರಿಸಿ, ಕಿವಿ ಯಾತಕ್ಕೆ, ಅದರಿಂದ ಸಿಗ್ನಲ್ ಹೆಚ್ಚು ಬರುತ್ತದೆಯೇ ಎಂದು ವಿಚಾರಿಸಿದರು. ಅವಳು ಹೋದವಳು ತಿರುಗಿ ಬರಲಿಲ್ಲ. ಆ ರಾತ್ರಿ ಅವರು ಊಟ ಸರಿಯಾಗಿ ಮಾಡಲಿಲ್ಲ.

ಹೀಗಿರುವಾಗ ಮೆಕ್ಕೆಜೋಳದ ಸುಗ್ಗಿಯಲ್ಲಿ ಮುರುಗೇಶಪ್ಪನವರ ಫೋನ್ ಬಂತು. ಅಮಾವಾಸ್ಯೆಯ ದಿನದಿಂದ ಪರದೆಯ ಮೇಲಿನ ಅಕ್ಷರಗಳೆಲ್ಲ ಅಡ್ಡ ಬಿದ್ದಿವೆಯಂತೆ. ಐದು ದಿನ ಹೇಗೋ ನಡೆಸಿದರು, ಇನ್ನು ಆಗುವುದಿಲ್ಲ. ಮಧ್ಯಾಹ್ನದೊಳಗೆ ಎದ್ದರೆ ಸರಿ, ಇಲ್ಲವಾದರೆ ಹೊಸದಕ್ಕೆ ಹೇಳಿಬಿಡುತ್ತಾರೆ, ಹಳೆಯದು ಗುಜರಿಗೆ.

ಉಚ್ಚೆಂಗಪ್ಪ ಹೋಗಿ ನೋಡಿದಾಗ ವೇಬ್ರಿಡ್ಜಿನ ಮುಂದೆ ಹನ್ನೊಂದು ಲಾರಿ ನಿಂತಿದ್ದವು. ಬಾಗಿಲಲ್ಲೇ ಗುಜರಿಯ ಬಿಲಾಲ್ ತಳ್ಳುಗಾಡಿ ನಿಲ್ಲಿಸಿಕೊಂಡು ಮಂಡಕ್ಕಿ ತಿನ್ನುತ್ತ ಕೂತಿದ್ದ. ಇವರನ್ನು ಕಂಡು ಎದ್ದು ನಿಂತು, ಅವಸರವೇನೂ ಇಲ್ಲ ಅಣ್ಣ, ನಿಧಾನಕ್ಕೆ ನೋಡಿ ಎಂದ. ರೋಗಿಯ ಮನೆಯ ಮುಂದೆ ಚಟ್ಟ ಕಟ್ಟುವವನು ಬಂದು ಕೂತು ಕುಶಲ ಕೇಳಿದಂತಿತ್ತು.

ಒಳಗೆ ದಪ್ಪ ಬೆನ್ನಿನ ಮಾನಿಟರ್ ಎರಡು ಜೋಳದ ಚೀಲದ ನಡುವೆ ಮಗ್ಗುಲಾಗಿ ಮಲಗಿತ್ತು. ಅಕ್ಷರ ಅಡ್ಡ ಬಿದ್ದವಲ್ಲ, ಅದಕ್ಕೆ ತಕ್ಕಂತೆ ಪೆಟ್ಟಿಗೆಯನ್ನೇ ಅಡ್ಡ ಮಲಗಿಸಿದ್ದರು. ತೂಕದ ಚೀಟಿ ಬರೆಯುವ ಭಾಗ್ಯಲಕ್ಷ್ಮಿ, ಮೊದಲೆರಡು ದಿನ ತಾನೇ ಕತ್ತು ಅಡ್ಡ ಹಾಕಿ ಓದಿದ್ದಾಗಿಯೂ, ಈಗ ಕತ್ತು ನೆಟ್ಟಗಾಗಲು ಒಲ್ಲದೆಂದೂ ಹೇಳಿದಳು.

ಮಲಗಿದ್ದೇನೋ ಸೈ, ಓದಲು ಬರುತ್ತಿತ್ತು. ಆದರೆ ತೂಕವೂ ಕೆಟ್ಟಿತ್ತು. ಲಾರಿ ಇಳಿದು ಹೋದರೂ ಪರದೆಯ ಮೇಲಿನ ತೂಕ ಇಳಿಯುತ್ತಿರಲಿಲ್ಲ. ಖಾಲಿ ಕಾಟಾ ಹದಿನಾರು ಟನ್ ತೋರಿಸುತ್ತ ನಿಂತುಬಿಡುತ್ತಿತ್ತು. ಮಿಷನ್ ಆಫ್ ಮಾಡಿ ಎಬ್ಬಿಸಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ. ಅಷ್ಟು ಹೊತ್ತಿಗೆ ದಾವಣಗೆರೆಯ ಮಂಡಿಯಲ್ಲಿ ಯಾರೋ ಒಬ್ಬ ವ್ಯಾಪಾರಿ, ಮಲಗಿದ ಮಿಷನ್ನಿನ ತೂಕ ನಂಬಬೇಡಿರೆಂದು ಮಾತು ಹರಿಬಿಟ್ಟಿದ್ದ. ಮಾತು ಲಾರಿಗಿಂತ ಮುಂಚೆ ಗುತ್ತೂರು ಮುಟ್ಟಿತ್ತು. ಕಿಟಕಿಯ ಹೊರಗೆ ಡ್ರೈವರುಗಳು ಎರಡು ಪಂಗಡವಾಗಿ ವಾದಕ್ಕೆ ನಿಂತಿದ್ದರು. ಮನುಷ್ಯ ಮಲಗಿದರೆ ಅವನ ತೂಕ ಕಮ್ಮಿಯಾಗುತ್ತದೆಯೇ ಎಂದು ಒಂದು ಪಂಗಡ. ಕಮ್ಮಿಯಾಗುವುದಿಲ್ಲ, ಆದರೆ ಮಲಗಿದವನ ಕೈಲಿ ನೀನು ಜೋಳ ತೂಗಿಸುತ್ತೀಯಾ ಎಂದು ಇನ್ನೊಂದು.

ಉಚ್ಚೆಂಗಪ್ಪನವರಿಗೆ ಒಂದು ಪದ್ಧತಿ. ಪೆಟ್ಟಿಗೆಯ ಸ್ಕ್ರೂ ಮುಟ್ಟುವ ಮೊದಲು ಮನೆಯವರನ್ನು ಕೂಡಿಸಿ, ಕೆಡುವ ಮುಂಚೆ ಏನು ಮಾಡಿದಿರಿ ಎಂದು ಮೂರು ಸಲ ಕೇಳುತ್ತಾರೆ. ಮೊದಲ ಸಲ ಸುಳ್ಳು ಬರುತ್ತದೆ, ಎರಡನೆಯ ಸಲ ಸಿಟ್ಟು, ಮೂರನೆಯ ಸಲ ನಿಜ.

ಮುರುಗೇಶಪ್ಪನವರು ಮೂರೂ ಸಲ ಏನೂ ಮಾಡಿಲ್ಲ ಎಂದೇ ಹೇಳಿದರು. ವಿಭೂತಿ ಹಚ್ಚಿದ ಮುಖ, ಸುಳ್ಳಾಡುವ ಲಕ್ಷಣ ಇರಲಿಲ್ಲ.

ಉಚ್ಚೆಂಗಪ್ಪ ಎದ್ದು, ದನದ ಹಲ್ಲು ನೋಡುವವರಂತೆ ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗಕ್ಕೆ ಟಾರ್ಚ್ ಹಿಡಿದರು. ಅಲ್ಲಿ ತಾವು ಹಾಕದ ಒಂದು ವೈರ್ ಕಂಡಿತು.

“ಈ ಮೌಸ್ ಯಾರದು?”

“ಅದಾ? ಚಿತ್ರ ಬೀಳಿಸಿದ್ದು ಮೌಸೇ ಅಂತ ಅನುಮಾನ ಬಂತು. ಅದನ್ನ ಕಿತ್ತಿಟ್ಟು, ಅಟ್ಟದ ಮೇಲಿಂದು ಹಳೇದೊಂದು ಹಾಕ್ದೆ. ತೂತು ಖಾಲಿ ಇತ್ತು.”

“ಏನೂ ಮಾಡಿಲ್ಲ ಅಂದ್ರಲ್ರಿ.”

“ಅದು ಕೆಟ್ಟ ಮ್ಯಾಲೆ ಮಾಡಿದ್ದು. ನೀವು ಕೇಳಿದ್ದು ಕೆಡೂಕ್ಕಿಂತ ಮುಂಚೆ.”

ಲೆಕ್ಕ ಸರಿಯಾಗಿತ್ತು. ಉಚ್ಚೆಂಗಪ್ಪ ಕಿಟಕಿಯ ಹೊರಗಿನವರಿಗೂ ಕೇಳುವಂತೆ ವಿವರಿಸಿದರು. ಮಿಷನ್ನಿನ ಒಳಗೆ ಪ್ರತಿ ಸಾಮಾನಿಗೂ ಮಿಷನ್ನನ್ನು ಕರೆಯಲು ಕರೆಗಂಟೆಯ ನಂಬರ್ ಒಂದು ಇರುತ್ತದೆ. ಮುರುಗೇಶಪ್ಪನವರು ಹಾಕಿದ ಆ ತೂತಿಗೂ ತೂಕದ ವೈರಿಗೂ ನಂಬರ್ ಒಂದೇ. ಮೌಸ್ ಅಲುಗಿದರೆ ಗಂಟೆ ಅದರ ಪಾಲಾಗಿ, ತೂಕ ಇದ್ದಲ್ಲೇ ನಿಲ್ಲುತ್ತದೆ. ಮುಟ್ಟದಿದ್ದರೆ ತೂಕ ತನ್ನ ಪಾಡಿಗೆ ಸರಿಯಾಗಿರುತ್ತದೆ. ಮಲಗಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಭಾಗ್ಯಲಕ್ಷ್ಮಿ ಮೇಜಿನ ಖಾನೆಯಿಂದ ಮೊದಲಿನ ಮೌಸ್ ತೆಗೆದುಕೊಟ್ಟಳು. ಅದನ್ನು ಅದರ ಜಾಗಕ್ಕೆ ಹಾಕಿ, ಹಳೆಯದನ್ನು ಕಿತ್ತು, ಮಿಷನ್ ಎಬ್ಬಿಸಿದರು. ಲಾರಿ ಹತ್ತಿತು, ತೂಕ ಹತ್ತಿತು. ಲಾರಿ ಇಳಿಯಿತು, ತೂಕವೂ ಇಳಿಯಿತು. ಆಮೇಲೆ ಕೀಬೋರ್ಡಿನ ಮೂರು ಗುಂಡಿಯನ್ನು ಒಟ್ಟಿಗೆ ಒತ್ತಿದರು. ಪರದೆ ಒಂದು ಕ್ಷಣ ಕಪ್ಪಾಗಿ, ಚಿತ್ರ ಎದ್ದು ನಿಂತಿತು. ನಾಲ್ಕು ಜನ ಸೇರಿ ಮಾನಿಟರನ್ನೂ ಎಬ್ಬಿಸಿ ಕೂರಿಸಿದರು. ಬಿಲಾಲ್ ಮಂಡಕ್ಕಿಯ ಪೊಟ್ಟಣ ಮಡಚಿ ಗಾಡಿ ತಿರುಗಿಸಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುರುಗೇಶಪ್ಪನವರಿಗೆ ಸಂತೋಷ ತಡೆಯಲಾಗಲಿಲ್ಲ. ಎದ್ದ ಮಿಷನ್ನಿಗೆ ಪೂಜೆ ಆಗಲಿ ಎಂದು ಊದುಬತ್ತಿ ಹಚ್ಚಿದರು. ಡ್ರೈವರುಗಳು ಕಿಟಕಿಯಲ್ಲೇ ಕೈ ಮುಗಿದು ನಿಂತರು. ಕಾಯಿ ಒಡೆದು, ಎರಡು ಹೋಳನ್ನೂ ಭಕ್ತಿಯಿಂದ ಕೀಬೋರ್ಡಿನ ಮೇಲೆ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ, ಇಟ್ಟರು. ಪರದೆ ಕಪ್ಪಾಯಿತು. ಚಿತ್ರ ಮತ್ತೆ ಅಡ್ಡ ಬಿತ್ತು.

ಬಿಲಾಲ್ ಗಾಡಿ ನಿಲ್ಲಿಸಿದ.

ಉಚ್ಚೆಂಗಪ್ಪನವರ ಕಣ್ಣ ಮುಂದೆ ಮೊಲದ ಕಿವಿಗಳು ಸಾಲಾಗಿ ತೂಗಿದವು. ಆದರೂ ಪದ್ಧತಿ ಬಿಡಲಿಲ್ಲ.

“ಸಾವ್ಕಾರ್ರೆ, ಈಗ ಏನ್ ಮಾಡಿದ್ರಿ?”

“ಏನೂ ಮಾಡಿಲ್ಲ,” ಎಂದರು ಮುರುಗೇಶಪ್ಪ, ಕೈಯಲ್ಲಿ ಊದುಬತ್ತಿ ಹಿಡಿದೇ.

“ಪೂಜೆ ಮಾಡಿದ್ರಿ.”

“ಪೂಜೆ ಮಾಡಿದ್ದು ಮಾಡಿದ್ದು ಹೆಂಗಾಗುತ್ತೆ? ಅದು ಪ್ರತಿ ಅಮಾಸಿ ಇದ್ದದ್ದೇ.”

ಉಚ್ಚೆಂಗಪ್ಪ ಬಗ್ಗಿ ನೋಡಿದರು. ಎಡಗಡೆಯ ಹೋಳು ಆಲ್ಟ್ ಗುಂಡಿಯ ಮೇಲೆ ಕೂತಿತ್ತು. ಬಲಗಡೆಯದು ಕಂಟ್ರೋಲ್ ಗುಂಡಿಯನ್ನೂ ಅದರ ಪಕ್ಕದ ಎಡಬಾಣದ ಗುಂಡಿಯನ್ನೂ ಒಟ್ಟಿಗೆ ಒತ್ತಿಕೊಂಡಿತ್ತು. ಆ ಮೂರು ಒಟ್ಟಿಗೆ ಒತ್ತಿದರೆ ಚಿತ್ರ ಮಗ್ಗುಲಾಗಬೇಕೆಂಬುದು ಮಿಷನ್ನಿಗೆ ಕಂಪನಿಯವರೇ ಕಲಿಸಿದ ಪಾಠ. ತೆಂಗಿನಕಾಯಿಯೂ ಅದನ್ನು ಕಲಿತೀತೆಂದು ಅವರು ಎಣಿಸಿರಲಾರರು.

“ಪ್ರತಿ ಅಮಾಸಿ ಇಲ್ಲೇ ಇಡ್ತಿದ್ರಾ?”

ಮುರುಗೇಶಪ್ಪನವರಿಗೆ ಈಗ ಸಿಟ್ಟೇ ಬಂತು. “ಇಲ್ಲ. ಮೊದ್ಲು ಮಾನಿಟರ್ ತಲೆ ಮ್ಯಾಲೆ ಇಡ್ತಿದ್ದೆ. ಹೋದ ಸಲ ಬಂದಾಗ ನೀವೇ ಹೇಳಿದ್ರಿ, ಕಾಯಿನೀರು ಒಳಗೆ ಇಳಿಯುತ್ತೆ, ಅಲ್ಲಿ ಇಡಬ್ಯಾಡ್ರಿ ಅಂತ. ಅದಕ್ಕೇ ಕೆಳಗೆ ಇಟ್ಟೆ.”

ಹೇಳಿದ್ದು ನಿಜ. ಬೇರೆಲ್ಲಿ ಇಡಬೇಕೆಂದು ಮಾತ್ರ ಹೇಳಿರಲಿಲ್ಲ.

ಉಚ್ಚೆಂಗಪ್ಪನವರಿಗೆ ಅಲ್ಲಿ ದಾರಿಗಳು ಬೇಕಾದಷ್ಟಿದ್ದವು. ಕೀಬೋರ್ಡ್ ಹಳೆಯದು ಅನ್ನಬಹುದಿತ್ತು. ಕರೆಂಟಿನ ಮೇಲೆ ಹಾಕಬಹುದಿತ್ತು. ಬೇರೆ ಯಾವ ರಿಪೇರಿಯವನಾದರೂ ಹಾಗೇ ಮಾಡುತ್ತಿದ್ದ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಕಿಟಕಿಯ ಹತ್ತಿರ ಹೋಗಿ ಹನ್ನೊಂದು ಡ್ರೈವರುಗಳ ಮುಂದೆ ನಿಂತರು.

“ನೋಡ್ರಪ್ಪ, ಚಿತ್ರ ಬಿದ್ದಿದ್ದು ನನ್ನಿಂದ. ಕಾಯಿ ಇಡೋ ಜಾಗ ತಪ್ಪಿಸ್ದೋನು ನಾನು. ಸಾವ್ಕಾರ್ರದು ತಪ್ಪಿಲ್ಲ, ಮಿಷನ್ನಿಂದೂ ತಪ್ಪಿಲ್ಲ. ತಪ್ಪು ನಂದು.”

ಆಮೇಲೆ ಒಳಬಂದು, ಚಿತ್ರ ಎಬ್ಬಿಸಿ, ಆ ಮೂರು ಗುಂಡಿಯ ಹಿಕ್ಮತ್ತು ಇನ್ನೆಂದೂ ನಡೆಯದಂತೆ ಸೆಟ್ಟಿಂಗಿನಲ್ಲಿ ಟಿಕ್ ತೆಗೆದರು. ಎರಡು ಹೋಳನ್ನೂ ಎಲ್ಲರಿಗೂ ಕಾಣುವಂತೆ ಅದೇ ಜಾಗದಲ್ಲಿ ತಾವೇ ಇಟ್ಟರು. ಚಿತ್ರ ಕದಲಲಿಲ್ಲ. ಮುರುಗೇಶಪ್ಪನವರು ಇದನ್ನು ದೇವರು ಒಪ್ಪಿದ ಗುರುತೆಂದು ತಿಳಿದರು, ಉಚ್ಚೆಂಗಪ್ಪ ತಿದ್ದಲಿಲ್ಲ.

ಮೊದಲ ಲಾರಿಯ ಡ್ರೈವರ್ ಬೀಡಿ ಆರಿಸಿ, ವೇಬ್ರಿಡ್ಜಿನಲ್ಲಿ ತಪ್ಪು ನಂದು ಅಂದವನನ್ನು ಇವತ್ತೇ ನೋಡಿದ್ದು, ತೂಕ ಹೆಂಗಾದರೂ ಇರಲಿ ಎಂದು ಲಾರಿ ಹತ್ತಿಸಿದ. ಹಿಂದಿನ ಹತ್ತೂ ಹತ್ತಿದವು. ಬಿಲಾಲ್ ಪ್ರಸಾದದ ಅರ್ಧ ಹೋಳು ಇಸಿದುಕೊಂಡು ಖಾಲಿ ಗಾಡಿ ತಳ್ಳಿಕೊಂಡು ಹೋದ. ಉಚ್ಚೆಂಗಪ್ಪ ಸ್ಕೂಟರಿಗೆ ಹದಿನೆಂಟು ಒದೆತ ಕೊಟ್ಟು ದಾವಣಗೆರೆಯ ದಾರಿ ಹಿಡಿದರು. ಮೊಬೈಲ್ ಕವರಿನ ಅಂಗಡಿಯಲ್ಲಿ ಅವರ ಸ್ಟೂಲು ಇನ್ನೂ ಖಾಲಿಯಾಗಿಯೇ ಇದೆ.

ಆ ಸಾಲಿನಲ್ಲಿ ಮೂರನೆಯ ಲಾರಿಯ ಜೋಳ ನನ್ನದು. ಮಲಗಿದ ಮಿಷನ್ನಿನ ತೂಕ ನಂಬಬೇಡಿರೆಂದು ಮಂಡಿಯಲ್ಲಿ ಮೊದಲು ಹೇಳಿದವನೂ ನಾನೇ. ತಪ್ಪು ನನ್ನದು ಎಂಬ ಒಂದು ಮಾತನ್ನು ಉಚ್ಚೆಂಗಪ್ಪನವರಿಗೆ ನಾನು ಇನ್ನೂ ಹೇಳಬೇಕಾಗಿದೆ.