ಇಬ್ಬರ ರೂಮಿಗೆ ಮೂರನೆಯವಳು

ತಲೆಗೆ ನೀರು ಹಾಕಿಕೊಂಡ ದಿನ ಆಕೆ ಮೊಣಕಾಲು ಮುಟ್ಟುವ ಕೂದಲನ್ನು ಬೆನ್ನ ಮೇಲೆ ಹರವಿಕೊಂಡು ನನ್ನ ಮೇಜಿನ ಪಕ್ಕದ ಕಿಟಕಿಗೇ ಬಂದು ನಿಲ್ಲುತ್ತಿದ್ದಳು. ಬಿಸಿಲು ಅಲ್ಲೇ ಚಲೋ ಬೀಳುತ್ತದಂತೆ. ನನ್ನ ಪ್ರಬಂಧದ ಹಾಳೆಗಳ ಮೇಲೆ ಟಪಟಪ ನೀರು.

"ಆ ಕಡೆ ಸರಿ ಬೇ" ಎಂದರೆ, "ಹಾಳಿ ತಾವ ಒಣಗ್ತಾವ, ಕೂದಲಾ ಒಣಗಬೇಕಲ್ಲ?" ಎನ್ನುವಳು.

ಕಲಘಟಗಿ ರಸ್ತೆಯ ಖಾಸಗಿ ವಿಶ್ವವಿದ್ಯಾಲಯಕ್ಕೆ ನಾನು ಸಂಶೋಧನೆಗೆಂದು ಸೇರಿದಾಗ ಹಾಸ್ಟೆಲ್ಲಿನವರು ನನ್ನ ಕೊರಳಿಗೆ ಕಟ್ಟಿದ ರೂಮ್‌ಮೇಟ್ ಆಕೆ. ಕುಂದಗೋಳದವಳು, ನನ್ನ ಹಾಗೆಯೇ ಸಂಶೋಧನೆಗೆ ಬಂದವಳು. ಮೆಸ್ಸಿನಲ್ಲಿ ಆಕೆಯ ಬಾಜು ಕೂಡುವುದೇ ಒಂದು ಶಿಕ್ಷೆ. ತಾಟು ಎತ್ತಿ ಹಿಡಿದು, "ಕಾಕಾ, ಈ ಸಾರಿನ್ಯಾಗ ಬ್ಯಾಳಿ ಹುಡುಕಾಕ ಒಂದ ಬ್ಯಾಟರಿ ಕೊಡ್ರಿ!" ಎಂದು ಕೂಗುತ್ತಿದ್ದಳು. ಜನ ತಿರುಗಿ ನೋಡುತ್ತಿದ್ದುದು ಮಾತ್ರ ನನ್ನನ್ನು.

ಎರಡನೆಯ ವರ್ಷ ನವಲಗುಂದದ ಜಮಖಾನ ನೇಯುವವರ ಮನೆಯ ಹುಡುಗಿಯೊಬ್ಬಳು ಎಂ.ಎಸ್ಸಿ.ಗೆ ಸೇರಿದಳು. ತಡವಾಗಿ ಬಂದದ್ದರಿಂದ ಹಾಸ್ಟೆಲ್ಲಿನಲ್ಲಿ ಜಾಗವಿರಲಿಲ್ಲ. ದಿನಾ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಓಡಾಡುತ್ತಿದ್ದವಳು ಒಂದು ಮಧ್ಯಾಹ್ನ ಪ್ರಯೋಗಶಾಲೆಯಲ್ಲೇ ತಲೆಸುತ್ತಿ ಬಿದ್ದುಬಿಟ್ಟಳು. ನನ್ನ ರೂಮ್‌ಮೇಟ್ ಅವಳ ಕೈಹಿಡಿದು ನೆಟ್ಟಗೆ ನಮ್ಮ ಕೋಣೆಗೆ ಕರೆತಂದಳು.

"ಇಕಿ ಇನ್ನ ಇಲ್ಲೇ ಇರ್ತಾಳ."

"ಎಲ್ಲಿ? ನನ್ನ ತಲೀ ಮ್ಯಾಲೇನು?"

"ನಡಕ ಹಾಸೂಣು."

ಎರಡು ಮಂಚಗಳ ನಡುವೆ ನೆಲಕ್ಕೆ ಹಾಸಿದಳು. ಅಂದಿನಿಂದ ನಾನು ಮಂಚದಿಂದ ಕಾಲು ಇಳಿಸಿದರೆ ಹುಡುಗಿಯ ಕೈಯೋ ಪುಸ್ತಕವೋ ಸಿಗುತ್ತಿತ್ತು.

ವಾರ್ಡನ್ ಮೇಡಂಗೆ ಸುದ್ದಿ ಮುಟ್ಟಿತು. ಮುಚ್ಚಿಡುವುದು ನನ್ನ ರೂಮ್‌ಮೇಟಿಗೆ ಗೊತ್ತಿರಲಿಲ್ಲ. "ಹೌದ್ರಿ, ನಾನೇ ಇಟ್ಕೊಂಡೇನ್ರಿ" ಎಂದಳು.

"ರೂಮಿಗೆ ಇಬ್ಬರ ಅಷ್ಟ. ಯಾರರೆ ಒಬ್ಬರು ಹೊರಗ ಹೋಗಬೇಕು."

"ಹಂಗಾರ ನಾ ಹೋಗ್ತೀನ್ರಿ. ನನ್ನ ಜಾಗಾ ಇಕಿಗೆ ಕೊಡ್ರಿ."

ನಾನು ಆಕೆಯನ್ನು ಪಡಸಾಲೆಗೆ ಎಳೆದೆ. "ಹುಚ್ಚು ಹಿಡದದ ಏನಬೇ ನಿನಗ? ಸಂಶೋಧನಾ ಯಾರು ಮಾಡ್ತಾರು?"

"ಬಸ್ಸಿನ್ಯಾಗ ಓದ್ತೀನಿ ತೊಗೊ."

ಸಂಜೆಯೇ ಟ್ರಂಕು ಎತ್ತಿಕೊಂಡು ಹೋದಳು. ಅಳುತ್ತ ಕುಳಿತ ಹುಡುಗಿಯನ್ನು ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಹೋದವಳು ಪೂರ್ತಿಯಾಗಿಯಾದರೂ ಹೋದಳೇ? ಕುಂದಗೋಳದಿಂದ ದಿನಾ ಬಂದು ಮಧ್ಯಾಹ್ನ ನನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಬಸ್ಸಿನಲ್ಲಿ ಓದಿದ್ದು ಅಷ್ಟರಲ್ಲೇ ಇತ್ತು. ಜೊತೆಗೆ ಸೇರಿದ್ದ ನಮ್ಮಲ್ಲಿ ನನ್ನ ಪ್ರಬಂಧ ಮುಗಿಯುತ್ತ ಬಂತು, ಆಕೆಯದು ಅರ್ಧಕ್ಕೇ ನಿಂತಿತ್ತು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಪ್ರಬಂಧ ಸಲ್ಲಿಸುವ ಹೊತ್ತಿಗೆ ನನಗೆ ಟೈಫಾಯ್ಡ್ ಬಂತು. ನವಲಗುಂದದ ಹುಡುಗಿ ಮೆಸ್ಸಿನ ಅಡುಗೆಮನೆಯಲ್ಲಿ ಜಗಳ ಮಾಡಿ ಗಂಜಿ ಕಾಯಿಸಿಕೊಂಡು ಬರುತ್ತಿದ್ದಳು. ವಾಂತಿಯಾದ ಬಟ್ಟೆ ಒಗೆದಳು. ಮಲಗಿದಲ್ಲಿಂದಲೇ ನಾನು ಹೇಳುತ್ತ ಹೋದ ಕೊನೆಯ ಅಧ್ಯಾಯವನ್ನು ಟೈಪು ಮಾಡಿದಳು. "ಅಕ್ಕಾ, ಈ ಸಾಲು ಮತ್ತ ಹೇಳ್ರಿ" ಎಂದು ಅವಳು ಕೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ.

ಪದವಿ ಸಿಕ್ಕಿದ ದಿನ ಮೆಸ್ಸಿನಲ್ಲಿ ಸೊಕ್ಕು ನುಂಗಿಕೊಂಡು ನನ್ನ ರೂಮ್‌ಮೇಟಿಗೆ ಹೇಳಿದೆ: "ಅವತ್ತ ನೀ ಅಕಿನ್ನ ಕರಕೊಂಡು ಬಂದಿದ್ದಕ್ಕ ನಾ ಪಾರಾದೆ."

ಆಕೆ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ನನಗ್ಯಾಕ ಹೇಳ್ತಿ? ನಿನ್ನ ಸಲುವಾಗಿ ತಂದಿದ್ದಲ್ಲ. ಅಕಿಗೆ ಹೇಳ ಹೋಗು."

ಅಷ್ಟು ಹೇಳಿ, ನನ್ನ ತಾಟಿನ ಹಪ್ಪಳ ಎತ್ತಿಕೊಂಡಳು.